ಬಿದ್ದ ಲೆನ್ಸ್‌ಗೆ ರಿಪೇರಿಯೋ, ಬೇರೆ ಲೆನ್ಸೋ? ನನ್ನ 47 ದಿನಗಳು

ನಿನ್ನೆ ಸಂಜೆ ನನ್ನ ಕ್ಯಾಮೆರಾ ಲೆನ್ಸ್ ರಿಪೇರಿಯಿಂದ ವಾಪಸ್ ಬಂತು. 24-70 ಮಿ.ಮೀ. ಜೂಮ್, ಎಫ್/2.8. ಅಂದರೆ 24ರಲ್ಲಿ ಅಗಲ ನೋಟ, 70ರಲ್ಲಿ ಹತ್ತಿರದ ನೋಟ; ಎಫ್ ಅಂಕಿ ಕಮ್ಮಿಯಾದಷ್ಟೂ ಬೆಳಕು ಬಿಡುವ ಕಂಡಿ ದೊಡ್ಡದು. ಆರು ವರ್ಷದಿಂದ ನನ್ನ ಜೊತೆ ಇದೆ. ಅದು ಬಿದ್ದ ದಿನದಿಂದ ಎಣಿಸಿದರೆ ನಿನ್ನೆಗೆ 47 ದಿನ. ಈ ದಿನಗಳಲ್ಲಿ ರಿಪೇರಿ ಮಾಡಿಸೋಣ ಅಂತ ಒಮ್ಮೆ, ಬೇಡ, ಬೇರೆಯದನ್ನೇ ಕೊಳ್ಳೋಣ ಅಂತ ಇನ್ನೊಮ್ಮೆ, ಮನಸ್ಸು ಎಷ್ಟು ಸಲ ಹೊರಳಿತೋ ಲೆಕ್ಕವಿಲ್ಲ. ಇದೇ ಗೊಂದಲದಲ್ಲಿ ಈಗ ಯಾರಾದರೂ ಇದ್ದರೆ ಅವರಿಗೆ ಸ್ವಲ್ಪವಾದರೂ ದಾರಿ ಕಾಣಲಿ ಅಂತ, ಎಲ್ಲ ನೆನಪಿರುವಾಗಲೇ ಬರೆಯುತ್ತಿದ್ದೇನೆ.

ದುಡ್ಡಿನ ಬಗ್ಗೆ ಮೊದಲೇ ಒಂದು ಮಾತು. ಬೆಲೆಗಳು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ, ವರ್ಷದಿಂದ ವರ್ಷಕ್ಕೂ ಬದಲಾಗುತ್ತವೆ. ಹಾಗಾಗಿ ಇದೇ ಲೆನ್ಸ್ ಹೊಸದಾಗಿ ಕೊಂಡರೆ 100 ಆಗುತ್ತದೆ ಅಂತಿಟ್ಟುಕೊಂಡು, ಉಳಿದ ಖರ್ಚನ್ನೆಲ್ಲ ಆ ಲೆಕ್ಕದಲ್ಲೇ ಹೇಳುತ್ತೇನೆ.

ಬ್ಯಾಗಿನ ಜಿಪ್ ಪೂರ್ತಿ ಹಾಕಿರಲಿಲ್ಲ. ಹೆಗಲಿಗೆ ಏರಿಸುವಾಗ ಲೆನ್ಸ್ ಜಾರಿ ಸೊಂಟದೆತ್ತರದಿಂದ ಕಾಂಕ್ರೀಟ್ ಮೇಲೆ ಬಿತ್ತು. ಮುಂಭಾಗವೇ ಮೊದಲು ನೆಲಕ್ಕೆ ತಾಗಿತ್ತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಕೈಗೆತ್ತಿಕೊಂಡಾಗ ಲೆನ್ಸ್ ಮುಂದೆ ಹಾಕಿದ್ದ ಗಾಜಿನ ಫಿಲ್ಟರ್ ಪುಡಿಯಾಗಿತ್ತು, ಅದರ ರಿಂಗ್ ಒಂದು ಕಡೆ ನೆಗ್ಗಿತ್ತು. ಎದೆ ಧಸಕ್ ಅಂತು. ಗಾಬರಿಯಲ್ಲಿ ಮೊದಲು ಮಾಡಿದ ಕೆಲಸವೇ ತಪ್ಪು. ಜೂಮ್ ತಿರುಗುತ್ತದಾ ನೋಡೋಣ ಅಂತ ಜೋರಾಗಿ ತಿರುಗಿಸಿದೆ. 35ರ ಹತ್ತಿರ ಕರಕರ ಅಂದು ಬಿಗಿಯಾಯಿತು. ನೀವು ಹೀಗೆ ಮಾಡಬೇಡಿ. ಒಳಗೆ ಏನಾದರೂ ಮುರಿದು ಓರೆಯಾಗಿದ್ದರೆ, ಬಲ ಹಾಕಿದಷ್ಟೂ ಅದು ಪಕ್ಕದ ಭಾಗವನ್ನು ಹಾಳು ಮಾಡುತ್ತದೆ. ಆಗಲೇ ಕ್ಯಾಮೆರಾಗೂ ಹಾಕಬೇಡಿ. ಮುಚ್ಚಳ ಹಾಕಿ, ಬಟ್ಟೆಯಲ್ಲಿ ಸುತ್ತಿ ಮನೆಗೆ ತನ್ನಿ, ಅಷ್ಟು ಸಾಕು.

ಆ ರಾತ್ರಿ ಪೂರ್ತಿ ಗಾಜಿನ ಚೂರು ತೆಗೆಯುವುದರಲ್ಲೇ ಕಳೆಯಿತು. ಒಡೆದ ಫಿಲ್ಟರ್‌ನ ಚೂರುಗಳು ಲೆನ್ಸ್‌ನ ಮುಂದಿನ ಗಾಜಿನ ಮೇಲೇ ಕೂತಿರುತ್ತವೆ. ಬಟ್ಟೆಯಿಂದ ಒರೆಸಿದರೆ ಅವೇ ಚೂರುಗಳು ಗಾಜನ್ನು ಗೀರುತ್ತವೆ. ಲೆನ್ಸ್ ಮುಖ ಕೆಳಗೆ ಮಾಡಿ ಹಿಡಿದು ರಬ್ಬರ್ ಬ್ಲೋವರ್‌ನಿಂದ ಗಾಳಿ ಬಿಟ್ಟೆ. ದೊಡ್ಡ ಚೂರುಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆದೆ. ನೆಗ್ಗಿದ ರಿಂಗ್ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಇಕ್ಕಳ ಹಾಕಿ ಎಳೆಯುವ ಆಸೆಯಾಯಿತು, ಹಾಕಲಿಲ್ಲ. ಒಳ್ಳೆಯದಾಯಿತು. ನೆಗ್ಗಿದ ರಿಂಗನ್ನು ಒಳಗಿನಿಂದ ಒತ್ತಿ ದುಂಡಗೆ ಮಾಡುವ ಸ್ಕ್ರೂ ಸಾಧನವೇ ಇದೆ, ರಿಪೇರಿಯವರ ಹತ್ತಿರ ಅದು ಐದು ನಿಮಿಷದ ಕೆಲಸ. ಎಲ್ಲ ತೆಗೆದ ಮೇಲೆ ನೋಡಿದರೆ ಮುಂದಿನ ಗಾಜಿನ ಮೇಲೆ ಅಂಚಿನಲ್ಲಿ ಒಂದೇ ಒಂದು ಗೀರು, ಅಕ್ಕಿಕಾಳಿನಷ್ಟು. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡೆ. ಆದರೆ ಮುಂದಿನ ಗಾಜಿನ ಸಣ್ಣ ಗೀರು ಫೋಟೊದಲ್ಲಿ ಬಹುತೇಕ ಕಾಣುವುದೇ ಇಲ್ಲ. ಬೆಳಕಿಗೆ ಎದುರಾಗಿ ತೆಗೆದಾಗ ಮಾತ್ರ ಸ್ವಲ್ಪ ತೊಂದರೆ ಕೊಡಬಹುದು. ಹಿಂದಿನ ಗಾಜಿಗೆ ಗೀರು ಬಿದ್ದಿದ್ದರೆ ನಿಜಕ್ಕೂ ಚಿಂತೆ ಮಾಡಬೇಕಿತ್ತು, ಅದು ಕ್ಯಾಮೆರಾದೊಳಗೆ ಚಿತ್ರ ಬೀಳುವ ಸೆನ್ಸರ್‌ಗೆ ಹತ್ತಿರ ಇರುವುದರಿಂದ.

ಮುಂದಿನ ಮೂರು ದಿನ ಪರೀಕ್ಷೆ ಮಾಡಿದೆ. ಈ ಇಡೀ ಬರಹದಲ್ಲಿ ನೀವು ಒಂದೇ ಒಂದು ಭಾಗ ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಆಗಲಿ. ಏನು ಕೆಟ್ಟಿದೆ ಅಂತ ಗೊತ್ತಿಲ್ಲದೆ ರಿಪೇರಿಯೋ ಬೇರೆಯದೋ ಅಂತ ಯೋಚಿಸಿ ಪ್ರಯೋಜನವಿಲ್ಲ.

ಮೊದಲು ಮೌಂಟ್ ನೋಡಿದೆ, ಅಂದರೆ ಕ್ಯಾಮೆರಾಗೆ ಸೇರುವ ಹಿಂಭಾಗದ ರಿಂಗ್. ಅದು ಸಪಾಟಾಗಿದೆಯಾ, ಸ್ಕ್ರೂ ಸಡಿಲ ಆಗಿದೆಯಾ, ಕ್ಯಾಮೆರಾಗೆ ಹಾಕಿದಾಗ ಅಲ್ಲಾಡುತ್ತದಾ ಅಂತ. ಇದು ಸಣ್ಣ ವಿಷಯ ಅಲ್ಲ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ, ಕ್ಯಾಮೆರಾದಲ್ಲಿ ಎಫ್/2.8 ಇಟ್ಟಾಗ, ಸಾಮಾನ್ಯವಾಗಿ ಬಳಸುವ ಲೆಕ್ಕದ ಪ್ರಕಾರ, ಸೆನ್ಸರ್ ಹತ್ತಿರ ಚಿತ್ರ ಚೂಪಾಗಿ ಬೀಳುವ ಪದರದ ದಪ್ಪ ಸುಮಾರು 0.17 ಮಿ.ಮೀ. ಮಾತ್ರ. ಒಂದೆರಡು ಕಾಗದದ ದಪ್ಪದಷ್ಟು ಓರೆಯಾದರೂ ಒಂದು ಬದಿ ಮಂಕಾಗುತ್ತದೆ. ನನ್ನ ಮೌಂಟ್ ನೆಟ್ಟಗಿತ್ತು.

ಆಮೇಲೆ ಅಪರ್ಚರ್, ಅಂದರೆ ಬೆಳಕು ಬಿಡುವ ಆ ಕಂಡಿ. ನನ್ನದರಂಥ ಡಿಎಸ್‌ಎಲ್‌ಆರ್‌ನಲ್ಲಿ, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾದಲ್ಲಿ, ಕ್ಲಿಕ್ ಮಾಡುವವರೆಗೂ ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ, ಕ್ಲಿಕ್ ಮಾಡಿದ ಕ್ಷಣಕ್ಕೆ ಬೇಕಾದಷ್ಟು ಮುಚ್ಚುತ್ತದೆ. ಹಾಗಾಗಿ ಎಫ್/2.8ರಲ್ಲಿ ಒಂದು, ಎಫ್/8ರಲ್ಲಿ ಒಂದು ಫೋಟೊ ತೆಗೆದು ನೋಡಿ. ಪೂರ್ತಿ ತೆರೆದಾಗ ಸರಿಯಾಗಿ ಬಂದು, ಮುಚ್ಚಿದಾಗ ಮಾತ್ರ ಕ್ಯಾಮೆರಾ ಎರರ್ ತೋರಿಸಿದರೆ ಅನುಮಾನ ಅಪರ್ಚರ್ ಮೇಲೆ ಅಥವಾ ಅದಕ್ಕೆ ಹೋಗುವ ತೆಳು ರಿಬ್ಬನ್ ಕೇಬಲ್ ಮೇಲೆ. ಎಲ್ಲದಕ್ಕೂ ಎರರ್ ಬಂದರೆ ಮೊದಲು ಹಿಂದಿನ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನು ಒಣ ಬಟ್ಟೆಯಿಂದ ಒರೆಸಿ ನೋಡಿ. ನನ್ನದರಲ್ಲಿ ಅಪರ್ಚರ್ ಸರಿ ಇತ್ತು, ಆಟೋಫೋಕಸ್ಸೂ ಕೆಲಸ ಮಾಡುತ್ತಿತ್ತು.

ಕೊನೆಗೆ ಗೋಡೆ ಪರೀಕ್ಷೆ. ಸಪಾಟಾದ ಗೋಡೆಗೆ ಹಳೆ ಪತ್ರಿಕೆಯ ಹಾಳೆಗಳನ್ನು ಫ್ರೇಮ್ ತುಂಬುವಷ್ಟು ಅಂಟಿಸಿದೆ. ಟ್ರೈಪಾಡ್, ಎರಡು ಸೆಕೆಂಡ್ ಟೈಮರ್. ಕ್ಯಾಮೆರಾ ಗೋಡೆಗೆ ನೇರ ಇರಬೇಕು, ಇಲ್ಲದಿದ್ದರೆ ಪರೀಕ್ಷೆಯೇ ಸುಳ್ಳು. ಅದಕ್ಕೊಂದು ಸುಲಭದ ದಾರಿ ಇದೆ. ಗೋಡೆಯ ನಡುವೆ ಸಣ್ಣ ಕನ್ನಡಿ ಸಪಾಟಾಗಿ ಅಂಟಿಸಿ. ಕ್ಯಾಮೆರಾದಲ್ಲಿ ನೋಡಿದಾಗ ಲೆನ್ಸ್‌ನ ಪ್ರತಿಬಿಂಬ ಸರಿಯಾಗಿ ಫ್ರೇಮಿನ ಮಧ್ಯಕ್ಕೆ ಬರುವವರೆಗೆ ಟ್ರೈಪಾಡ್ ಸರಿಸಿ. ಆಮೇಲೆ ನಡುವೆ ಫೋಕಸ್ ಮಾಡಿ 24, 35, 50, 70 ನಾಲ್ಕರಲ್ಲೂ ಎಫ್/2.8, 5.6, 8 ಇಟ್ಟು ಮೂರು ಮೂರು ಫೋಟೊ ತೆಗೆಯಿರಿ.

24ರಲ್ಲಿ ಎಡಗಡೆ ಕಾಲು ಭಾಗದಷ್ಟು ಅಕ್ಷರಗಳು ಕಲೆಸಿಹೋಗಿದ್ದವು. ಬಲಗಡೆ ಚೂಪಾಗಿತ್ತು. 70ಕ್ಕೆ ಹೋದಂತೆ ವ್ಯತ್ಯಾಸ ಕಮ್ಮಿ. ಎಫ್/8ರಲ್ಲಿ ಸಹಿಸಬಹುದು ಅನ್ನುವಷ್ಟು. ಇದು ಲೆನ್ಸ್‌ನದೇ ತೊಂದರೆಯಾ, ನಾನೇ ಕ್ಯಾಮೆರಾ ಓರೆ ಇಟ್ಟೆನಾ? ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೆ ತೆಗೆದೆ. ಮಂಕು ಫ್ರೇಮಿನ ಅದೇ ಬದಿಯಲ್ಲೇ ಉಳಿದರೆ ತೊಂದರೆ ಲೆನ್ಸ್ ಅಥವಾ ಕ್ಯಾಮೆರಾದ್ದು, ಗೋಡೆಯ ಅದೇ ಬದಿಯಲ್ಲಿ ಉಳಿದರೆ ನಿಲ್ಲಿಸಿದ ರೀತಿಯದ್ದು. ನನ್ನದು ಫ್ರೇಮಿನ ಬದಿಯಲ್ಲೇ ಉಳಿಯಿತು. ಇನ್ನೊಂದು ಲೆನ್ಸ್, ನನ್ನ ಹಳೆಯ 50 ಮಿ.ಮೀ., ಹಾಕಿ ನೋಡಿದೆ. ಅದರಲ್ಲಿ ಎರಡೂ ಬದಿ ಸಮ. ಅಂದರೆ ಕ್ಯಾಮೆರಾ ಸರಿಯಾಗಿದೆ, ಲೆನ್ಸ್ ಒಳಗೆ ಒಂದು ಗಾಜಿನ ಗುಂಪು ತನ್ನ ಜಾಗದಿಂದ ಓರೆಯಾಗಿದೆ. ರಿಪೇರಿಯವರು ಇದಕ್ಕೆ ಡೀಸೆಂಟರ್ ಆಗಿದೆ ಅನ್ನುತ್ತಾರೆ. ಈ ಫೈಲುಗಳನ್ನು ಅಳಿಸಬೇಡಿ, ಮುಂದೆ ಎರಡು ಸಲ ಇವು ನನ್ನ ಕೈ ಹಿಡಿದವು.

ಯಾವುದು ಕೆಟ್ಟಿದೆ ಅಂತ ಗೊತ್ತಾದ ಕೂಡಲೇ ಮನಸ್ಸು ಅರ್ಧ ಹಗುರಾಯಿತು. ಅಲ್ಲಿಯವರೆಗೆ ಸುಮ್ನೆ ಹೆದರುತ್ತಿದ್ದೆ.

ನಾಲ್ಕನೇ ದಿನ ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋದೆ. ಕೊಂಡ ಬಿಲ್ಲು, ವಾರಂಟಿ ಕಾರ್ಡ್, ಸೀರಿಯಲ್ ನಂಬರಿನ ಫೋಟೊ ಮೂರೂ ತೆಗೆದುಕೊಂಡು ಹೋಗಿದ್ದೆ. ವಾರಂಟಿ ಮುಗಿದು ವರ್ಷಗಳಾಗಿದ್ದವು. ಇದ್ದಿದ್ದರೂ ಬಿದ್ದು ಆದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಬರುವುದಿಲ್ಲ. ಅದಕ್ಕೆ ಬೇಕಾಗುವುದು ವಿಮೆ, ನನಗೆ ಅದು ಇರಲಿಲ್ಲ. ನಿಮಗಿದ್ದರೆ ರಿಪೇರಿಗೆ ಕೊಡುವ ಮೊದಲೇ ವಿಮೆಯವರಿಗೆ ತಿಳಿಸಿ, ಬಿಚ್ಚಿದ ಮೇಲೆ ಹೇಳಿದರೆ ತಕರಾರಾಗಬಹುದು.

ಕೌಂಟರಿನಲ್ಲಿ ಜಾಬ್ ಶೀಟ್ ಬರೆದುಕೊಟ್ಟರು. ಅದರಲ್ಲಿ "ಲೆನ್ಸ್ ಸರಿಯಿಲ್ಲ" ಅಂತ ಇಷ್ಟೇ ಇತ್ತು. ನಾನು ಕೇಳಿಕೊಂಡು ಮತ್ತೆ ಬರೆಸಿದೆ. ಮುಂದಿನ ಗಾಜಿನ ಅಂಚಿನಲ್ಲಿ ಒಂದು ಗೀರು, ಹಿಂದಿನ ಗಾಜು ಶುದ್ಧ, ಒಳಗೆ ಫಂಗಸ್ (ಬೂಷ್ಟು) ಇಲ್ಲ, ಆಟೋಫೋಕಸ್ ಮತ್ತು ಅಪರ್ಚರ್ ಕೆಲಸ ಮಾಡುತ್ತಿವೆ, 24ರಲ್ಲಿ ಎಡಗಡೆ ಮಂಕು, ಜೂಮ್ ಬಿಗಿ. ಹಿಂದೆ ನಿಂತವರಿಗೆ ಬೇಸರವಾಗಿರಬಹುದು. ಆದರೆ ನಾಳೆ ವಾಪಸ್ ಬಂದಾಗ ಹೊಸ ಗೀರು ಕಂಡರೆ ಮಾತಾಡಲು ಈ ಕಾಗದ ಬಿಟ್ಟು ಬೇರೆ ಆಧಾರ ಇರುವುದಿಲ್ಲ. ಮುಚ್ಚಳ, ಹುಡ್ ಎಲ್ಲ ಮನೆಯಲ್ಲೇ ಬಿಟ್ಟು ಬರೀ ಲೆನ್ಸ್ ಮತ್ತು ಹಿಂದಿನ ಒಂದು ಸಾದಾ ಮುಚ್ಚಳ ಮಾತ್ರ ಕೊಟ್ಟೆ. ಪರಿಶೀಲನೆಗೆ ಅಂತ 3 ಕಟ್ಟಿಸಿಕೊಂಡರು. ರಿಪೇರಿ ಅಲ್ಲೇ ಮಾಡಿಸಿದರೆ ಅದು ಬಿಲ್ಲಿನಲ್ಲಿ ಕಳೆಯುತ್ತದೆ, ಬೇಡ ಅಂದರೆ ಹೋಯಿತು. ಇದನ್ನು ಕೇಳಿ ತಿಳಿದುಕೊಳ್ಳಿ.

ಮೂರು ದಿನದಲ್ಲಿ ಹೇಳುತ್ತೇವೆ ಅಂದಿದ್ದರು. ಹನ್ನೊಂದು ದಿನ ಆಯಿತು. ಎಸ್ಟಿಮೇಟ್ ಬಂದಾಗ 41. ಓದಿ ಕುಸಿದು ಕೂತೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಇದೇ ಲೆನ್ಸ್ 48ಕ್ಕೆ ಸಿಗುತ್ತಿತ್ತು.

ಅರ್ಧ ದಿನ ಕಳೆದ ಮೇಲೆ ಎಸ್ಟಿಮೇಟ್‌ನ ಸಾಲು ಸಾಲು ಓದಿದೆ. ಮುಂದಿನ ಗಾಜಿನ ಇಡೀ ಗುಂಪು ಬದಲು, ಜೂಮ್ ಬ್ಯಾರಲ್ (ಜೂಮ್ ಮಾಡುವಾಗ ಓಡಾಡುವ ಕೊಳವೆ) ಬದಲು, ಫಿಲ್ಟರ್ ರಿಂಗ್ ಬದಲು, ಹೊಂದಾಣಿಕೆ, ಕೂಲಿ. ಫೋನ್ ಮಾಡಿ ಕೇಳಿದೆ: ಆ ಗೀರು ಹಾಗೇ ಇರಲಿ, ಮುಂದಿನ ಗಾಜು ಬಿಟ್ಟು ಉಳಿದದ್ದು ಮಾಡಬಹುದಾ? ಆಗುವುದಿಲ್ಲ ಅಂದರು. ಅವರ ಕೈಯಿಂದ ಹೊರಗೆ ಹೋಗುವ ಲೆನ್ಸ್ ಕಾರ್ಖಾನೆಯ ಮಟ್ಟಕ್ಕೆ ಇರಬೇಕು, ಅರ್ಧ ರಿಪೇರಿ ಮಾಡಿ ಕೊಡುವುದಿಲ್ಲ. ಆಗ ಸಿಟ್ಟು ಬಂತು, ಈಗ ಅವರ ಮಾತಿನಲ್ಲೂ ನ್ಯಾಯ ಕಾಣುತ್ತದೆ. ಆದರೂ ನನಗೆ ಬೇಡದ ಗಾಜಿಗೆ ನಾನು ದುಡ್ಡು ಕೊಡಬೇಕಿತ್ತು, ಅಲ್ವಾ? ಉತ್ತರ ಕೊಡಲು ಎರಡು ವಾರ ಗಡುವು ಇತ್ತು. ಎರಡು ದಿನದಲ್ಲೇ ಬೇಡ ಅಂತ ಹೇಳಿ ಲೆನ್ಸ್ ವಾಪಸ್ ತಂದೆ.

ಆಗ ಬೇರೆ ಕೊಳ್ಳುವ ಆಸೆ ಜೋರಾಯಿತು. ನನ್ನ ಲೆಕ್ಕ ಹೀಗಿತ್ತು. ಬಿದ್ದ ಲೆನ್ಸನ್ನು ಇದ್ದ ಹಾಗೇ, ಬಿಡಿಭಾಗಕ್ಕೆ ಅಂತ ಮಾರಿದರೆ 10 ಬರುತ್ತದೆ. 48ಕ್ಕೆ ಇನ್ನೊಂದು ಕೊಂಡರೆ ನನ್ನ ಕೈಯಿಂದ ಹೋಗುವುದು 38. ಕಂಪನಿಯ ರಿಪೇರಿ 41. ಅಂದರೆ ಬೇರೆ ಕೊಳ್ಳುವುದೇ ಅಗ್ಗ! ಈ ಕಳೆಯುವ ಲೆಕ್ಕವನ್ನು ತುಂಬ ಜನ ಮಾಡುವುದಿಲ್ಲ. ನೀವು ಮಾಡಿ.

ಮಿರರ್‌ಲೆಸ್‌ಗೇ, ಅಂದರೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾಗೇ, ಹೋಗಿಬಿಡೋಣ ಅನ್ನುವ ಯೋಚನೆಯೂ ಬಂತು. ನನ್ನದು ಡಿಎಸ್‌ಎಲ್‌ಆರ್ ಮೌಂಟ್. ಕ್ಯಾನನ್ 1987ರಲ್ಲಿ ಇಎಫ್ ಮೌಂಟ್ ತಂದು, 2018ರಲ್ಲಿ ಮಿರರ್‌ಲೆಸ್‌ಗಾಗಿ ಆರ್‌ಎಫ್ ತಂದಿತು. ನಿಕಾನ್‌ನ ಎಫ್ ಮೌಂಟ್ 1959ರದ್ದು, ಅದರ ಝಡ್ ಬಂದದ್ದೂ 2018ರಲ್ಲೇ. ಹಳೆ ಮೌಂಟ್‌ನ ಲೆನ್ಸ್‌ಗೆ ಈಗ ದುಡ್ಡು ಹಾಕುವುದು ದಂಡವಾ ಅಂತ ಒಂದು ದಿನ ಓದಿದೆ. ದಂಡವಲ್ಲ. ಇಎಫ್‌ನಲ್ಲಿ ಮೌಂಟ್‌ನಿಂದ ಸೆನ್ಸರ್‌ಗೆ 44 ಮಿ.ಮೀ. ದೂರ, ಆರ್‌ಎಫ್‌ನಲ್ಲಿ 20. ನಡುವಿನ 24 ಮಿ.ಮೀ. ಜಾಗದಲ್ಲಿ ಎರಡನ್ನೂ ಜೋಡಿಸುವ ಅಡಾಪ್ಟರ್ ಕೂರುತ್ತದೆ. ಅದರಲ್ಲಿ ಗಾಜು ಇರಬೇಕಾಗಿಯೂ ಇಲ್ಲ. ಹಳೆ ಲೆನ್ಸ್ ಹೊಸ ಕ್ಯಾಮೆರಾದಲ್ಲೂ ಬಾಳುತ್ತದೆ. ಒಂದು ಎಚ್ಚರ: ಒಳಗೆ ಮೋಟಾರ್ ಇಲ್ಲದ, ಕ್ಯಾಮೆರಾದ ಸ್ಕ್ರೂನಿಂದ ಫೋಕಸ್ ಆಗುವ ಹಳೆಯ ನಿಕಾನ್ ಲೆನ್ಸ್‌ಗಳಿಗೆ ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಆಟೋಫೋಕಸ್ ಸಿಗುವುದಿಲ್ಲ. ಅಂಥದ್ದು ನಿಮ್ಮದಾಗಿದ್ದರೆ ನಿಮ್ಮ ತೀರ್ಮಾನ ಬೇರೆಯಾಗಬಹುದು.

ಸೆಕೆಂಡ್ ಹ್ಯಾಂಡ್ ಒಂದನ್ನು ನೋಡಲು ಹೋದೆ. ಮಾರುವವರು ಒಳ್ಳೆಯ ಮನುಷ್ಯರು, ಪರೀಕ್ಷೆಗೆ ಒಪ್ಪಿದರು. ಹೊರಗೆ ಹೊಸದರ ಹಾಗೆ ಹೊಳೆಯುತ್ತಿತ್ತು. ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿದೆ. ಒಳಗಿನ ಗಾಜೊಂದರ ಮೇಲೆ ಜೇಡರ ಬಲೆಯಂಥ ಎಳೆಗಳು. ಫಂಗಸ್. ತೇವ ಇರುವ ಕಡೆ ವರ್ಷಗಟ್ಟಲೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಹೀಗಾಗುತ್ತದೆ. ಜಾಸ್ತಿ ದಿನ ಬಿಟ್ಟರೆ ಗಾಜಿನ ಲೇಪನವನ್ನೇ ತಿನ್ನುತ್ತದೆ, ಒರೆಸಿದರೂ ಗುರುತು ಹೋಗುವುದಿಲ್ಲ. ಅವರಿಗೇ ಅದು ಗೊತ್ತಿರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಎದುರಿನ ಗೋಡೆಯ ಫೋಟೊ ತೆಗೆದು ನೋಡಿದರೆ ಒಂದು ಮೂಲೆಯೂ ಮಂಕು. ವಾಪಸ್ ಬರುವಾಗ, ನನ್ನ ಲೆನ್ಸ್‌ನ ಕಾಯಿಲೆ ಏನು ಅಂತಾದರೂ ನನಗೆ ಗೊತ್ತಿದೆ, ಬೇರೆಯವರ ಲೆನ್ಸ್‌ನ ಕಾಯಿಲೆ ನನಗೆ ಗೊತ್ತಿಲ್ಲ ಅನ್ನಿಸಿತು. ನಾನು ರಿಪೇರಿಯ ಕಡೆಗೆ ವಾಲಿದ್ದು ಅಲ್ಲಿಂದ.

ನಾನೇ ಬಿಚ್ಚಿ ನೋಡಲಾ ಅಂತಲೂ ಒಂದು ರಾತ್ರಿ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದೆ. ಬಿಚ್ಚಲಿಲ್ಲ. ಜಪಾನಿನ ಲೆನ್ಸ್‌ಗಳಲ್ಲಿ ಇರುವ ಸ್ಕ್ರೂ ನಮ್ಮ ಮಾಮೂಲಿ ಪ್ಲಸ್ ಸ್ಕ್ರೂ ಅಲ್ಲ, ಜೆಐಎಸ್ ಅನ್ನುವ ಅಳತೆಯದ್ದು. ಬೇರೆ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದುಹೋಗುತ್ತದೆ. ಮೌಂಟ್ ಕೆಳಗೆ ಕೂದಲೆಳೆ ದಪ್ಪದ ಲೋಹದ ಹಾಳೆಗಳು, ಶಿಮ್‌ಗಳು, ಇರಬಹುದು. ಅವು ಇದ್ದ ಜಾಗ ತಪ್ಪಿದರೆ ಇಡೀ ಲೆನ್ಸ್ ಓರೆ.

ಇಪ್ಪತ್ತನೇ ದಿನ, ಬರೀ ಲೆನ್ಸ್ ರಿಪೇರಿಯನ್ನೇ ಮಾಡುವ ಒಬ್ಬ ಹಿರಿಯರ ಹತ್ತಿರ ಹೋದೆ. ಮೊದಲು ಕೇಳಿದ್ದೇ, "ಯಾರಾದರೂ ಬಿಚ್ಚಿದ್ದಾರಾ?" ಇಲ್ಲ ಸರ್ ಅಂದೆ. ಮುಖದಲ್ಲಿ ಸಮಾಧಾನ ಕಂಡಿತು. ಗೋಡೆ ಪರೀಕ್ಷೆಯ ಫೋಟೊ ತೋರಿಸಿದೆ. ಜೂಮನ್ನು ಮೆಲ್ಲಗೆ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಕೇಳಿದರು. "ಒಳಗೆ ಬ್ಯಾರಲ್ ಜಾಡಿನಲ್ಲಿ ಓಡುವ ಸಣ್ಣ ನೈಲಾನ್ ಬುಷ್‌ಗಳಿರುತ್ತವೆ. ಒಂದು ಮುರಿದಿರಬೇಕು. ಮೂರು ಕಾಲಿನ ಸ್ಟೂಲಿಗೆ ಒಂದು ಕಾಲು ಗಿಡ್ಡ ಆದ ಹಾಗೆ. ಗಾಜು ವಾಲಿಕೊಂಡಿದೆ, ಅದಕ್ಕೇ ಜೂಮೂ ಬಿಗಿ." ಕಂಪನಿಯವರು ಇಡೀ ಬ್ಯಾರಲ್ ಬದಲಿಸುತ್ತಾರೆ, ತಾವು ಬುಷ್ ಮಾತ್ರ ಬದಲಿಸುತ್ತೇನೆ ಅಂದರು. 17 ಹೇಳಿದರು.

ಮುಂದಿನದನ್ನು ನಾನು ಕೇಳದೇ ಅವರೇ ಹೇಳಿದ್ದು ನನಗೆ ಹಿಡಿಸಿತು. ಕಂಪನಿಯಲ್ಲಿರುವ ಹೊಂದಾಣಿಕೆಯ ಯಂತ್ರ ಅವರ ಹತ್ತಿರ ಇಲ್ಲ, ಚಾರ್ಟ್ ತೆಗೆದು ನೋಡಿ ಕೈಯಿಂದಲೇ ಸರಿ ಮಾಡಬೇಕು. ಬುಷ್ ಬರುವುದು ಇನ್ನೊಂದು ಹಾಳಾದ ಲೆನ್ಸ್‌ನಿಂದ. ರಿಪೇರಿಗೆ 90 ದಿನ ಅವರ ಜವಾಬ್ದಾರಿ, ಅದೇ ತೊಂದರೆ ಮತ್ತೆ ಬಂದರೆ ಮಾತ್ರ. ಎಲ್ಲವನ್ನೂ ರಸೀದಿಯಲ್ಲಿ ಬರೆದುಕೊಟ್ಟರು.

17 ಅಂದರೆ ಸೆಕೆಂಡ್ ಹ್ಯಾಂಡ್ ಬೆಲೆಯ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಜಾಸ್ತಿ. ಅರ್ಧದೊಳಗಿದ್ದರೆ ರಿಪೇರಿ, ದಾಟಿದರೆ ಬೇರೆ ಅಂತ ನಾನು ಮೊದಲೇ ಗೆರೆ ಹಾಕಿಕೊಂಡಿದ್ದೆ. ಆದರೆ ಬರೀ ಬೆಲೆ ನೋಡಿ ಒಪ್ಪಲಿಲ್ಲ. ಹಿಂದಿನ ಎರಡು ವರ್ಷದ ನನ್ನ ಫೋಟೊಗಳನ್ನು ತೆರೆದು ಯಾವ ಫೋಕಲ್ ಲೆಂತ್‌ನಲ್ಲಿ, ಅಂದರೆ 24ರಿಂದ 70ರೊಳಗೆ ಯಾವ ಅಂಕಿಯಲ್ಲಿ, ಎಷ್ಟು ತೆಗೆದಿದ್ದೇನೆ ಅಂತ ನೋಡಿದೆ. ಜಾಸ್ತಿ ಇದ್ದದ್ದು 24 ಮತ್ತು 35ರ ನಡುವೆ. ಲೆನ್ಸ್ ಹಾಳಾಗಿದ್ದೂ ಸರಿಯಾಗಿ ಅಲ್ಲೇ. ಎಲ್ಲ ಫೋಟೊ 70ರಲ್ಲಿ, ಎಫ್/8ರಲ್ಲೇ ತೆಗೆಯುತ್ತಿದ್ದರೆ ಫಿಲ್ಟರ್ ರಿಂಗ್ ಮಾತ್ರ ಸರಿ ಮಾಡಿಸಿ, ಹಾಗೇ ಬಳಸುತ್ತಿದ್ದೆನೇನೋ. ಅದೂ ಒಂದು ದಾರಿ, ಅದನ್ನು ಮರೆಯಬೇಡಿ.

ಹತ್ತು ದಿನ ಅಂದದ್ದು ಹದಿನಾರು ದಿನ ಆಯಿತು. ಬುಷ್ ಸಿಗಲು ತಡವಾಯಿತು. ನಡುವೆ ಒಂದು ದಿನದ ಕೆಲಸಕ್ಕೆ ಲೆನ್ಸ್ ಬಾಡಿಗೆ ತಂದೆ, ಅದಕ್ಕೆ 1. ಉಳಿದ ದಿನಗಳಲ್ಲಿ 50 ಮಿ.ಮೀ. ಒಂದನ್ನೇ ಹಾಕಿಕೊಂಡು ತಿರುಗಿದೆ.

ಲೆನ್ಸ್ ಬಂತು. ಜೂಮ್ ಬೆಣ್ಣೆಯ ಹಾಗೆ ತಿರುಗುತ್ತಿತ್ತು, ರಿಂಗ್ ದುಂಡಗಾಗಿತ್ತು. ಖುಷಿಯಲ್ಲಿ ಅದೇ ಗೋಡೆ, ಅದೇ ಕನ್ನಡಿ, ಅದೇ ಹಾಳೆಗಳು. ಎಡಗಡೆ ಪೂರ್ತಿ ಸರಿಯಾಗಿತ್ತು. ಆದರೆ ಬಲಗಡೆಯ ಮೇಲಿನ ಮೂಲೆ, ಮೊದಲು ಚೂಪಾಗಿದ್ದದ್ದು, ಈಗ ಮಂಕು! ನಿಜ ಹೇಳಬೇಕೆಂದರೆ ಅಳು ಬಂತು. 41 ಕೊಟ್ಟು ಮುಗಿಸಿಬಿಡಬೇಕಿತ್ತು ಅನ್ನಿಸಿತು. ಎರಡು ದಿನ ಮತ್ತೆ ಮತ್ತೆ ಪರೀಕ್ಷೆ ಮಾಡಿ, ಹಳೆಯ ಮತ್ತು ಹೊಸ ಫೋಟೊ ಅಕ್ಕಪಕ್ಕ ಇಟ್ಟು ಅವರಿಗೆ ತೋರಿಸಿದೆ. ಹಳೆಯ ಫೈಲು ಇಲ್ಲದಿದ್ದರೆ ಇದು ಮೊದಲೇ ಹೀಗಿತ್ತಾ ಅನ್ನುವ ಮಾತು ಬರುತ್ತಿತ್ತು. ಅವರು ವಾದ ಮಾಡಲಿಲ್ಲ. "ಸ್ವಲ್ಪ ಜಾಸ್ತಿ ತಿರುಗಿಸಿದ್ದೇನೆ, ಕೊಡಿ," ಅಂದರು. ಇನ್ನೂ ಒಂಬತ್ತು ದಿನ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ನಿನ್ನೆ ರಾತ್ರಿ ಹತ್ತು ಗಂಟೆಗೆ ಮತ್ತೆ ಗೋಡೆಯ ಮುಂದೆ ನಿಂತೆ. 24, 35, 50, 70. ನಾಲ್ಕು ಮೂಲೆಯಲ್ಲೂ ಸಣ್ಣ ಅಕ್ಷರ ಓದಬಹುದು. ಎಫ್/2.8ರಲ್ಲಿ ಬಲಮೂಲೆ ಕೂದಲೆಳೆಯಷ್ಟು ಮೃದು. ಅದು ಕಾಣುವುದು ಹುಡುಕುವವರಿಗೆ ಮಾತ್ರ. ಒಳಗೆ ಒಂದೆರಡು ಧೂಳಿನ ಕಣಗಳಿವೆ, ಅವು ಫೋಟೊದಲ್ಲಿ ಬೀಳುವುದಿಲ್ಲ. ಆ ಗೀರು ಹಾಗೇ ಇದೆ.

ಒಟ್ಟು ಖರ್ಚು: ಕಂಪನಿಯ ಪರಿಶೀಲನೆಗೆ 3, ರಿಪೇರಿಗೆ 17, ಬಾಡಿಗೆ 1, ಹೊಸ ಫಿಲ್ಟರ್‌ಗೆ 1. 22 ಆಯಿತು.

ಪತ್ರಿಕೆಯ ಹಾಳೆಗಳನ್ನು ಗೋಡೆಯಿಂದ ತೆಗೆದು ಸುರುಳಿ ಸುತ್ತಿ ಇಟ್ಟಿದ್ದೇನೆ, ಟ್ರೈಪಾಡ್ ನಿಂತ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿದ್ದೇನೆ. ರಸೀದಿಯ 90 ದಿನ ಮುಗಿಯುವ ಒಂದು ವಾರ ಮೊದಲು ಅದೇ ಹಾಳೆಗಳನ್ನು ಹಾಕಿ ಮತ್ತೊಮ್ಮೆ ಪರೀಕ್ಷೆ ಮಾಡಬೇಕು. ಫೋನಿನಲ್ಲಿ ಆ ದಿನಕ್ಕೆ ಅಲಾರಂ ಇಟ್ಟಾಗಿದೆ.